ಎಲ್ಲರೂ ಓದುವಂಥ ಅರ್ಥಶಾಸ್ತ್ರ ಪತ್ರಿಕೆ: ಒಂದು ಸೆಮಿಸ್ಟರಿನ ಕೆಲಸ

ಬಿ.ಎ. ಎರಡನೇ ಸೆಮಿಸ್ಟರಿನ ಸೂಕ್ಷ್ಮ ಅರ್ಥಶಾಸ್ತ್ರದ ಪರೀಕ್ಷೆ ಮೊನ್ನೆ ಮುಗಿಯಿತು. ಆ ತರಗತಿಯಲ್ಲಿ ಪೂರ್ತಿ ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿ, ಮಂದದೃಷ್ಟಿಯ ಒಬ್ಬ ಹುಡುಗ, ಕಿವಿ ಕೇಳದ ಒಬ್ಬ ಹುಡುಗಿ, ಡಿಸ್ಲೆಕ್ಸಿಯಾ ಇರುವ ಒಬ್ಬ, ಸೆರೆಬ್ರಲ್ ಪಾಲ್ಸಿಯಿಂದಾಗಿ ಬರೆಯುವುದು ತುಂಬ ನಿಧಾನವಾಗುವ ಇನ್ನೊಬ್ಬ ಇದ್ದರು. ಇವರೂ ಉಳಿದವರೂ ಒಂದೇ ಟಿಪ್ಪಣಿ ಓದಿ, ಒಂದೇ ಪಾಠ ಕೇಳಿ, ಒಂದೇ ಪರೀಕ್ಷೆ ಬರೆಯುವಂತೆ ಪತ್ರಿಕೆಯನ್ನು (ಸೆಮಿಸ್ಟರಿನಲ್ಲಿ ಕಲಿಸುವ ಆ ಒಂದು ವಿಷಯವನ್ನು) ಹೊಸದಾಗಿ ಕಟ್ಟಲು ಪಾಠ ಹೇಳುವ ನಮಗೆ ಶುರುವಿನಿಂದ ಕೊನೆಯವರೆಗೆ ಆರು ತಿಂಗಳು ಹಿಡಿಯಿತು. ಕನ್ನಡ ಮಾಧ್ಯಮದ ಪಾಠಕ್ಕೆ ಈ ಕೆಲಸ ಮಾಡುವಾಗ ಎದುರಾಗುವ ತೊಡಕುಗಳು ಇಂಗ್ಲಿಷ್ ಕೈಪಿಡಿಗಳಲ್ಲಿ ಸಿಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಮೊದಲೇ ಒಂದು ಮಾತು. ಐದು ಜನರಿಗೆ ಐದು ಬಗೆಯ ಸಾಮಗ್ರಿ ಮಾಡಲು ಹೊರಡಬೇಡಿ. ನಾವು ಮೊದಲ ಎರಡು ವಾರ ಹಾಗೇ ಹೊರಟು ಸುಸ್ತಾದೆವು. ಬೇಕಾದದ್ದು ಒಂದು ಶುದ್ಧವಾದ ಮೂಲ ಕಡತ: ಯೂನಿಕೋಡಿನಲ್ಲಿ (ಕಂಪ್ಯೂಟರು ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತದಲ್ಲಿ), ಶೀರ್ಷಿಕೆಗಳು ಸರಿಯಾಗಿ ಗುರುತಾಗಿ, ಚಿತ್ರಕ್ಕೆ ವಿವರಣೆ ಸೇರಿಕೊಂಡ ಒಂದು ವರ್ಡ್ ಕಡತ. ಅದೊಂದಿದ್ದರೆ ಧ್ವನಿ, ದೊಡ್ಡಕ್ಷರ, ಬ್ರೈಲ್, ಮೊಬೈಲ್ ಓದು ಎಲ್ಲವೂ ಅದರಿಂದಲೇ ಹೊರಡುತ್ತವೆ. ಅದಿಲ್ಲದಿದ್ದರೆ ಪ್ರತಿ ಸಲವೂ ಹೊಸದಾಗಿ ಟೈಪ್ ಮಾಡಬೇಕಾಗುತ್ತದೆ.

ಪಾಠ ಶುರುವಾಗುವ ಏಳು ವಾರ ಮುಂಚೆ ವಿದ್ಯಾರ್ಥಿಗಳ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡಿದೆವು. "ನಿನಗೆ ಏನು ತೊಂದರೆ" ಎಂದು ಕೇಳಿದರೆ ಮಕ್ಕಳು "ಏನಿಲ್ಲ ಸರ್" ಎಂದು ತಲೆ ತಗ್ಗಿಸುತ್ತಾರೆ. "ಪಿಯುಸಿಯಲ್ಲಿ ಹೇಗೆ ಓದಿಕೊಂಡೆ, ನೋಟ್ಸ್ ಯಾರು ಕೊಟ್ಟರು, ಪರೀಕ್ಷೆ ಹೇಗೆ ಬರೆದೆ, ಮೊಬೈಲಿನಲ್ಲಿ ಏನೇನು ಬಳಸುತ್ತೀಯ" ಎಂದು ಕೇಳಿದಾಗ ಎಲ್ಲವೂ ಹೊರಬಂತು. ಕಣ್ಣು ಕಾಣದ ಹುಡುಗಿ ಮನೆಯಲ್ಲಿ ಟಾಕ್‌ಬ್ಯಾಕ್, ಕಾಲೇಜಿನ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಬಳಸುತ್ತಿದ್ದಳು. ಎರಡೂ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು. ಎನ್‌ವಿಡಿಎ ಉಚಿತ. ಅದರೊಳಗಿನ ಇಸ್ಪೀಕ್ ಎಂಬ ಓದುವ ದನಿ ಕನ್ನಡವನ್ನೂ ಓದುತ್ತದೆ. ದನಿ ಯಂತ್ರದಂತಿದ್ದರೂ ರೂಢಿಯಾದವರು ಅದನ್ನು ನಾವು ಹಿಂಬಾಲಿಸಲಾರದಷ್ಟು ವೇಗದಲ್ಲಿ ಕೇಳುತ್ತಾರೆ. ಮಂದದೃಷ್ಟಿಯ ಹುಡುಗನಿಗೆ ಎ3 ಹಾಳೆಯಲ್ಲಿ ದೊಡ್ಡದಾಗಿ ಜೆರಾಕ್ಸ್ ಮಾಡಿಕೊಡುವುದೇ ಉಪಕಾರ ಎಂದುಕೊಂಡಿದ್ದೆವು. ಅವನಿಗೆ ಬೇಕಾಗಿದ್ದು ಮೊಬೈಲಿನಲ್ಲಿ ಹಿಗ್ಗಿಸಿದರೆ ಸಾಲು ತಾನಾಗಿ ಮಡಚಿಕೊಳ್ಳುವ ಕಡತ. ಎ3 ಹಾಳೆಯನ್ನು ಬಸ್ಸಿನಲ್ಲಿ ಬಿಚ್ಚಿ ಓದಲಾಗುವುದಿಲ್ಲ ಎಂದ.

ಕಾಗದಪತ್ರದ ಕೆಲಸವನ್ನೂ ಅದೇ ವಾರ ಶುರುಮಾಡಿ. ತರಗತಿಯಲ್ಲಿ ಅನುಕೂಲ ಮಾಡಿಕೊಡಲು ಯಾವ ಪ್ರಮಾಣಪತ್ರವೂ ಬೇಕಿಲ್ಲ, ಪರೀಕ್ಷೆಗೆ ಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಡಿಸ್ಲೆಕ್ಸಿಯಾ ಅದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯ ಕೆಳಗೆ ಬರುತ್ತದೆ. ಶೇ. 40 ಅಥವಾ ಹೆಚ್ಚು ಇದ್ದವರಿಗೆ ಯುಡಿಐಡಿ ಕಾರ್ಡು (ವಿಕಲಚೇತನರ ಸರ್ಕಾರಿ ಗುರುತಿನ ಚೀಟಿ), ಪ್ರಮಾಣಪತ್ರ ಸಾಮಾನ್ಯವಾಗಿ ಇರುತ್ತವೆ. ತೊಡಕಿಗೆ ಸಿಕ್ಕಿಬೀಳುವವರು ಅದಕ್ಕಿಂತ ಕಡಿಮೆ ಇರುವವರು. ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ, ಬರೆಯಲು ತೊಂದರೆಯಿರುವವರಿಗೆ ಶೇ. 40ರ ಗೆರೆ ಹಾಕಿ ಸ್ಕ್ರೈಬ್ (ಹೇಳಿದ ಉತ್ತರವನ್ನು ಬರೆದುಕೊಡುವವರು) ನಿರಾಕರಿಸುವಂತಿಲ್ಲ ಎಂದಿತು. ಅದನ್ನನುಸರಿಸಿ ಕೇಂದ್ರ ಸರ್ಕಾರ 2022ರ ಆಗಸ್ಟಿನಲ್ಲಿ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಕೊಟ್ಟ ನಮೂನೆಯಲ್ಲೇ ಸರ್ಕಾರಿ ವೈದ್ಯರಿಂದ "ಬರೆಯಲು ತೊಂದರೆ ಇದೆ" ಎಂಬ ಪ್ರಮಾಣಪತ್ರ ತರಬೇಕಿತ್ತು. ಡಿಸ್ಲೆಕ್ಸಿಯಾ ಇರುವ ಹುಡುಗ ಇದಕ್ಕಾಗಿ ನಾಲ್ಕು ಸಲ ಆಸ್ಪತ್ರೆಗೆ ಅಲೆದ. ಎರಡು ಸಲ ನಮೂನೆಯನ್ನೇ ಒಯ್ಯದೆ ವಾಪಸಾದ, ಒಂದು ಸಲ ಸಂಬಂಧಪಟ್ಟ ತಜ್ಞರು ರಜೆಯಲ್ಲಿದ್ದರು. ನಮೂನೆಯ ಎರಡು ಪ್ರತಿ, ಫೋಟೊ, ಆಧಾರ್, ಕಾಲೇಜಿನ ಪತ್ರ ಇವನ್ನು ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿಯೇ ಮಕ್ಕಳನ್ನು ಕಳಿಸಿ.

ಇನ್ನು ಟಿಪ್ಪಣಿ. ಹಳೆಯ ಟಿಪ್ಪಣಿ ಒಟ್ಟು 140 ಪುಟ ಇತ್ತು. ಒಂದಷ್ಟು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪಾದ ವರ್ಡ್ ಕಡತ, ಒಂದಷ್ಟು ಅದರ ಪಿಡಿಎಫ್, ಮಿಕ್ಕಿದ್ದು ಪುಸ್ತಕದ ಪುಟಗಳ ಫೋಟೊ. ಮೊದಲ ಕಡತವನ್ನು ಎನ್‌ವಿಡಿಎ ಹಾಕಿ ತೆರೆದಾಗ ಹುಡುಗಿ ಒಂದು ನಿಮಿಷ ಕೇಳಿ ಹೆಡ್‌ಫೋನ್ ತೆಗೆದಿಟ್ಟಳು. "ಮೇಡಂ, ಇದು ಪೌಂಡ್ ಪೌಂಡ್ ಅಂತಿದೆ." ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಇರುವುದು ನಮ್ಮ ಕಣ್ಣಿಗೆ ಮಾತ್ರ. "ಕನ್ನಡ" ಎಂಬ ಪದ ಕಡತದೊಳಗೆ ಹೀಗೆ ಕೂತಿರುತ್ತದೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಮತ್ತೆ ಎ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಪರದೆ ಓದುವ ತಂತ್ರಾಂಶಕ್ಕೆ ವೇಷ ಕಾಣುವುದಿಲ್ಲ, ಒಳಗಿರುವುದನ್ನೇ ಓದುತ್ತದೆ.

ಕಡತ ಯಾವ ಜಾತಿಯದು ಎಂದು ತಿಳಿಯಲು ಅರ್ಧ ನಿಮಿಷ ಸಾಕು. ಒಂದು ಸಾಲನ್ನು ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ. ಕನ್ನಡವೇ ಬಂದರೆ ಯೂನಿಕೋಡ್. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ಹಳೆಯ ಫಾಂಟು. ಸಾಲನ್ನು ಆಯ್ಕೆ ಮಾಡಲಿಕ್ಕೇ ಬರದಿದ್ದರೆ ಅದು ಬರೀ ಚಿತ್ರ.

ಹಳೆಯ ಫಾಂಟಿನ ವರ್ಡ್ ಕಡತಕ್ಕೆ ಜಾಲದಲ್ಲಿ ಉಚಿತ ಪರಿವರ್ತಕಗಳಿವೆ. ಇಡೀ ಕಡತವನ್ನು ಒಮ್ಮೆಗೇ ಸುರಿದರೆ ನಡುವೆ ಇರುವ ಇಂಗ್ಲಿಷ್ ಪದಗಳೂ ಕನ್ನಡದ ಕಲಸುಮೇಲೋಗರವಾಗಿ ಬರುತ್ತವೆ, ಏಕೆಂದರೆ ಪರಿವರ್ತಕಕ್ಕೆ ಎರಡರ ನಡುವೆ ವ್ಯತ್ಯಾಸ ತಿಳಿಯುವುದಿಲ್ಲ. ಮೊದಲು ಇಂಗ್ಲಿಷ್ ಪದಗಳಿಗೆ ಹಳದಿ ಬಣ್ಣ ಬಳಿದುಕೊಂಡು, ಕನ್ನಡದ ಪ್ಯಾರಾಗಳನ್ನಷ್ಟೇ ಹಾಕಿ ತೆಗೆದೆವು. ತಪ್ಪು ಹೆಚ್ಚಾಗಿ ಕಂಡದ್ದು ಅರ್ಕಾವೊತ್ತು ಇರುವ ಪದಗಳಲ್ಲಿ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ರಕಾರ ಮೊದಲು ಬರಬೇಕು. ಈ ಅದಲುಬದಲು ಕೆಲವು ಕಡೆ ಕೆಡುತ್ತದೆ. "ಅರ್ಥಶಾಸ್ತ್ರ", "ಪೂರೈಕೆ", "ಮಾರುಕಟ್ಟೆ", "ಸ್ಥಿತಿಸ್ಥಾಪಕತ್ವ" ಈ ನಾಲ್ಕನ್ನು ಹುಡುಕಿ ನೋಡಿದರೆ ಪರಿವರ್ತನೆ ಹೇಗಿದೆ ಎಂಬ ಅಂದಾಜು ಸಿಗುತ್ತದೆ. ಅಂಕಿಗಳನ್ನು ಮಾತ್ರ ಒಂದೊಂದಾಗಿ ಮೂಲದ ಜೊತೆ ಹೋಲಿಸಿ ನೋಡಲೇಬೇಕು. ಕೋಷ್ಟಕದಲ್ಲಿ ಒಂದು ಅಂಕಿ ತಪ್ಪಿದರೆ ಇಡೀ ಲೆಕ್ಕ ತಪ್ಪು.

ಪಿಡಿಎಫ್‌ನಿಂದ ನಕಲಿಸಿ ಪರಿವರ್ತಿಸುವ ಯತ್ನವನ್ನು ಮೂರು ದಿನ ಮಾಡಿ ಕೈಬಿಟ್ಟೆವು. ಸಾಲುಗಳು ಮುರಿದು, ಅಕ್ಷರಗಳು ಬಿಟ್ಟುಹೋಗಿ, ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ವಾಸಿ ಎನ್ನಿಸಿತು. ಅಂಥವನ್ನೂ ಫೋಟೊ ಪುಟಗಳನ್ನೂ ಒಸಿಆರ್‌ಗೆ (ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯವಾಗಿಸುವ ತಂತ್ರಕ್ಕೆ) ಕೊಟ್ಟೆವು: ಗೂಗಲ್ ಡ್ರೈವಿಗೆ ಏರಿಸಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯುವುದು. 300 ಡಿಪಿಐನಲ್ಲಿ ನೇರವಾಗಿ ಸ್ಕ್ಯಾನ್ ಮಾಡಿದ ಪುಟ ಚೆನ್ನಾಗಿ ಬಂತು. ಮೊಬೈಲಿನಲ್ಲಿ ಓರೆಯಾಗಿ ಹಿಡಿದು, ಮಡಿಕೆಯ ಬಳಿ ನೆರಳು ಬಿದ್ದ ಫೋಟೊಗಳಲ್ಲಿ ಒತ್ತಕ್ಷರಗಳೇ ಉದುರಿದ್ದವು. ಪ-ಷ-ವ, ಬ-ಭ, ದ-ಧ-ಥ ಅದಲುಬದಲಾಗುತ್ತವೆ, ದೀರ್ಘ ಬಿಟ್ಟುಹೋಗುತ್ತದೆ. ಎರಡು ಕಾಲಂ ಇರುವ ಪುಟವನ್ನು ಮೊದಲೇ ಎರಡಾಗಿ ಕತ್ತರಿಸಿ ಕೊಡಿ, ಇಲ್ಲದಿದ್ದರೆ ಎಡದ ಸಾಲಿಗೆ ಬಲದ ಸಾಲು ಅಂಟಿಕೊಂಡು ಬರುತ್ತದೆ. ಒಂದು ಪುಟ ತಿದ್ದಲು ಹತ್ತರಿಂದ ಹದಿನೈದು ನಿಮಿಷ ಹಿಡಿಯಿತು. ಇಬ್ಬರು ಕೂತು, ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ತಿದ್ದಿದರೆ ಅರ್ಧ ಹೊತ್ತು ಉಳಿಯುತ್ತದೆ.

ಪುಸ್ತಕದ ಪುಟ ಹೀಗೆ ಬದಲಿಸಲು ಅನುಮತಿ ಬೇಕೇ ಎಂಬ ಅಳುಕು ಕಾಲೇಜಿನಲ್ಲಿ ಎಲ್ಲರಿಗೂ ಇತ್ತು. ಅದಕ್ಕೇ ಹತ್ತು ದಿನ ಕೆಲಸ ನಿಂತಿತು. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಇದಕ್ಕೆ ವಿನಾಯಿತಿ ಇದೆ. ಸಾಮಾನ್ಯ ರೂಪದಲ್ಲಿ ಓದಲಾಗದ ವಿಕಲಚೇತನರಿಗಾಗಿ, ಲಾಭದ ಉದ್ದೇಶವಿಲ್ಲದೆ, ಅವರಿಗಷ್ಟೇ ಸಿಗುವಂತೆ ನೋಡಿಕೊಂಡು, ಎಟುಕುವ ರೂಪಕ್ಕೆ ಬದಲಿಸಬಹುದು. ಆದ್ದರಿಂದ ಪುಸ್ತಕದಿಂದ ತೆಗೆದ ಪುಟಗಳನ್ನು ಬೇರೆ ಫೋಲ್ಡರಿನಲ್ಲಿಟ್ಟು ಬೇಕಾದವರಿಗಷ್ಟೇ ಕೊಟ್ಟೆವು, ನಮ್ಮದೇ ಟಿಪ್ಪಣಿಯನ್ನು ಎಲ್ಲರಿಗೂ ಹಂಚಿದೆವು. ಕೆಲಸ ಶುರುಮಾಡುವ ಮುಂಚೆ ಸುಗಮ್ಯ ಪುಸ್ತಕಾಲಯದಲ್ಲೂ ಒಮ್ಮೆ ಹುಡುಕಿ. 2016ರಲ್ಲಿ ಶುರುವಾದ ಈ ಆನ್‌ಲೈನ್ ಗ್ರಂಥಾಲಯದಲ್ಲಿ ಮುದ್ರಿತ ಪುಸ್ತಕ ಓದಲಾಗದವರಿಗೆ ಸದಸ್ಯತ್ವ ಸಿಗುತ್ತದೆ.

ಯೂನಿಕೋಡ್ ಆದ ಮೇಲೆ ಕಡತಕ್ಕೆ ಎಲುಬು ಕೊಡಬೇಕು. ಅಧ್ಯಾಯದ ಹೆಸರನ್ನು ದಪ್ಪ ಮಾಡಿ, ಗಾತ್ರ ಹಿಗ್ಗಿಸಿದರೆ ಕಣ್ಣಿಗೆ ಮಾತ್ರ ಶೀರ್ಷಿಕೆ. ವರ್ಡ್‌ನ ಹೆಡಿಂಗ್ 1, ಹೆಡಿಂಗ್ 2 ಶೈಲಿ ಹಾಕಿದರೆ ಎನ್‌ವಿಡಿಎಯ ಬ್ರೌಸ್ ಮೋಡಿನಲ್ಲಿ (ಬರೆಯದೆ ಓದಲಷ್ಟೇ ಇರುವ ಸ್ಥಿತಿಯಲ್ಲಿ) ಎಚ್ ಕೀಲಿ ಒತ್ತುತ್ತಾ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಬಹುದು. ಇದಿಲ್ಲದಿದ್ದರೆ 60ನೇ ಪುಟದ ಸಂಗತಿಗೆ ಮೊದಲ ಪುಟದಿಂದ ಕೇಳಿಕೊಂಡು ಬರಬೇಕು. ಕೋಷ್ಟಕದ ಮೊದಲ ಸಾಲನ್ನು ಹೆಡರ್ ರೋ ಎಂದು ಗುರುತಿಸಿ, ಕೋಶಗಳನ್ನು ಒಂದಕ್ಕೊಂದು ಬೆಸೆಯಬೇಡಿ. ಪಠ್ಯದ ಭಾಷೆ ಕನ್ನಡ ಎಂದು ನಮೂದಿಸಿ, ಇಲ್ಲದಿದ್ದರೆ ಕೆಲವು ಕಂಪ್ಯೂಟರುಗಳಲ್ಲಿ ಇಂಗ್ಲಿಷ್ ದನಿ ಕನ್ನಡವನ್ನು ಓದಲು ಹೋಗಿ ಮೌನವಾಗುತ್ತದೆ. ಪಿಡಿಎಫ್ ಬೇಕಾದರೆ "ಸೇವ್ ಆ್ಯಸ್" ಮೂಲಕ, ಆಯ್ಕೆಗಳಲ್ಲಿ ರಚನೆಯ ಟ್ಯಾಗುಗಳಿಗೆ ಟಿಕ್ ಹಾಕಿ ಉಳಿಸಿ. "ಪ್ರಿಂಟ್ ಟು ಪಿಡಿಎಫ್" ಕೊಟ್ಟರೆ ಮಾಡಿದ ಎಲ್ಲ ಕೆಲಸ ಅಳಿಸಿಹೋಗುತ್ತದೆ.

ಅಕ್ಷರದ ವಿಷಯ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದರಿಂದ 11 ಪಾಯಿಂಟಿನಲ್ಲಿ ಅದು ಚುಕ್ಕಿಯಂತಾಗುತ್ತದೆ. ದೊಡ್ಡಕ್ಷರ ಪ್ರತಿಗೆ 18 ಪಾಯಿಂಟ್, ಸಾಲಿನ ಅಂತರ ಒಂದೂವರೆ ಇಟ್ಟೆವು. ಪ್ಯಾರಾ ಪೂರ್ತಿ ದಪ್ಪಕ್ಷರ ಹಾಕಿದರೆ ಧ, ಭಗಳ ಹೊಟ್ಟೆಸೀಳು ಮುಚ್ಚಿಹೋಗಿ ದ, ಬಗಳಂತೆ ಕಾಣುತ್ತವೆ. ಡಿಸ್ಲೆಕ್ಸಿಯಾ ಇರುವ ಹುಡುಗ ಎಡವುತ್ತಿದ್ದದ್ದೂ ಅಲ್ಲಿಯೇ. ಸಾಲುಗಳ ಎಡ ಅಂಚು ಮಾತ್ರ ಒಂದೇ ನೇರಕ್ಕಿರಲಿ, ಬಲ ಅಂಚನ್ನು ಹಾಗೇ ಬಿಟ್ಟುಬಿಡಿ. ಪದಗಳ ನಡುವೆ ಏರುಪೇರು ಜಾಗ ಬೀಳುವುದು ತಪ್ಪುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಕಡೇಪಕ್ಷ 4.5:1 ಇರಲಿ. ತಿಳಿಹಸಿರು ಹಿನ್ನೆಲೆಯ ಮೇಲೆ ಹಳದಿ ಬರೆಹದ ಹಳೆಯ ಸ್ಲೈಡುಗಳೆಲ್ಲ ಬಿಳಿಯ ಮೇಲೆ ಕಪ್ಪಾದವು.

ಸೂತ್ರಗಳಲ್ಲಿ ಒಂದು ಅಪಾಯ ಅಡಗಿದೆ. "ಬೇಡಿಕೆ = 20 - 2 × ಬೆಲೆ" ಎಂದು ಟೈಪ್ ಮಾಡಿದಾಗ ಮೈನಸ್ ಜಾಗದಲ್ಲಿ ಕೀಲಿಮಣೆಯ ಅಡ್ಡಗೆರೆ ಬೀಳುತ್ತದೆ. ಸಾಮಾನ್ಯ ಸೆಟ್ಟಿಂಗಿನಲ್ಲಿ ಎನ್‌ವಿಡಿಎ ಅದನ್ನು ಓದದೆ ದಾಟುತ್ತದೆ. ಹುಡುಗಿಗೆ ಕೇಳಿಸಿದ್ದು "ಇಪ್ಪತ್ತು ಎರಡು". ಅವಳು ಅದನ್ನು 22 ಎಂದುಕೊಂಡು ಮೂರು ಲೆಕ್ಕ ಮಾಡಿದ್ದಳು. ತಪ್ಪು ಅವಳದಾಗಿರಲಿಲ್ಲ, ನಮ್ಮ ಕಡತದ್ದಾಗಿತ್ತು. ಈಗ ಪ್ರತಿ ಸೂತ್ರದ ಕೆಳಗೆ ಮಾತಿನಲ್ಲೂ ಬರೆಯುತ್ತೇವೆ: "ಇಪ್ಪತ್ತರಿಂದ, ಬೆಲೆಯ ಎರಡರಷ್ಟನ್ನು ಕಳೆಯಿರಿ."

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು ರೇಖಾಚಿತ್ರಗಳು. ಪತ್ರಿಕೆಯಲ್ಲಿ 26 ಚಿತ್ರಗಳಿದ್ದವು. "ಬೇಡಿಕೆ ಮತ್ತು ಪೂರೈಕೆ ರೇಖೆಗಳ ಚಿತ್ರ" ಎಂಬ ಆಲ್ಟ್ ಟೆಕ್ಸ್ಟ್ (ಚಿತ್ರದ ಬದಲು ಪರದೆ ಓದುವ ತಂತ್ರಾಂಶ ಓದಿ ಹೇಳುವ ವಿವರಣೆ) ಯಾರಿಗೂ ಉಪಯೋಗವಿಲ್ಲ. ಕೊನೆಗೆ ನಿಂತ ರೂಪ ಹೀಗಿದೆ: "ಅಡ್ಡ ಅಕ್ಷದಲ್ಲಿ ಪ್ರಮಾಣ, 0ಯಿಂದ 20 ಕಿಲೋ. ನೇರ ಅಕ್ಷದಲ್ಲಿ ಬೆಲೆ, 0ಯಿಂದ 10 ರೂಪಾಯಿ. ಬೇಡಿಕೆ ರೇಖೆ ನೇರ ಅಕ್ಷದ 10 ರೂಪಾಯಿಯಲ್ಲಿ ಶುರುವಾಗಿ ಬಲಕ್ಕೆ ಇಳಿಯುತ್ತಾ ಅಡ್ಡ ಅಕ್ಷದ 20 ಕಿಲೋ ಮುಟ್ಟುತ್ತದೆ. ಪೂರೈಕೆ ರೇಖೆ ಮೂಲಬಿಂದುವಿನಿಂದ ಬಲಕ್ಕೆ ಏರುತ್ತದೆ. ಎರಡೂ ಸೇರುವುದು 5 ರೂಪಾಯಿ, 10 ಕಿಲೋ ಇರುವಲ್ಲಿ." ಮೊದಲು ಅಕ್ಷಗಳು, ಆಮೇಲೆ ರೇಖೆ ಎಲ್ಲಿ ಶುರು ಎಲ್ಲಿ ಕೊನೆ, ಕಡೆಗೆ ಸೇರುವ ಜಾಗ. ಈ ಕ್ರಮ ಬದಲಿಸಬೇಡಿ. ಇದನ್ನು ಆಲ್ಟ್ ಟೆಕ್ಸ್ಟಿನೊಳಗೆ ಮುಚ್ಚಿಡದೆ ಚಿತ್ರದ ಕೆಳಗೆ ಎಲ್ಲರಿಗೂ ಕಾಣುವಂತೆ ಬರೆದೆವು. ಕಣ್ಣಿರುವ ಮಕ್ಕಳೂ ಪರೀಕ್ಷೆಗೆ ಇದನ್ನೇ ಓದಿಕೊಂಡರು.

ಎಂಟು ಮುಖ್ಯ ಚಿತ್ರಗಳನ್ನು ಬೆರಳಿಗೆ ಸಿಗುವಂತೆ ಮಾಡಿದೆವು. ರಟ್ಟು, ಫೆವಿಕಾಲ್, ದಾರ ಇಷ್ಟೇ ಸಾಮಾನು, ಖರ್ಚು ಮುನ್ನೂರು ರೂಪಾಯಿಯೊಳಗೆ. ಮೊದಲ ಸಲ ಅಕ್ಷಕ್ಕೂ ಎರಡು ರೇಖೆಗಳಿಗೂ ಒಂದೇ ದಾರ ಅಂಟಿಸಿದ್ದು ತಪ್ಪಾಯಿತು. ಬೇಡಿಕೆ ರೇಖೆಯ ಮೇಲೆ ಇಳಿಯುತ್ತಾ ಬಂದ ಬೆರಳು ಎರಡೂ ಕೂಡುವಲ್ಲಿ ದಾರಿತಪ್ಪಿ ಪೂರೈಕೆ ರೇಖೆ ಹಿಡಿದು ಹೋಗುತ್ತಿತ್ತು. ಎರಡನೇ ಸಲ ಅಕ್ಷಕ್ಕೆ ಹೊಲಿಗೆಯ ಸಣ್ಣ ದಾರ, ಬೇಡಿಕೆಗೆ ಒರಟಾದ ಸೆಣಬಿನ ಹುರಿ, ಪೂರೈಕೆಗೆ ನುಣುಪಾದ ಉಲ್ಲನ್ ಬಳಸಿದೆವು, ಕೂಡುವ ಜಾಗಕ್ಕೆ ಒಂದು ಮಣಿ ಅಂಟಿಸಿದೆವು. ಹಿಂದಿನ ಚೌಕಗೆರೆಗಳೆಲ್ಲ ಬೇಡ. ಅಕ್ಕಪಕ್ಕದ ಎರಡು ಗೆರೆಗಳ ನಡುವೆ ಕನಿಷ್ಠ 3 ಮಿಲಿಮೀಟರ್ ಬಿಡಿ, ಹತ್ತಿರವಾದರೆ ಬೆರಳಿಗೆ ಒಂದೇ ಗೆರೆಯೆನಿಸುತ್ತದೆ. ಒಂದು ರಾತ್ರಿ ಒಣಗಲು ಬಿಡದಿದ್ದರೆ ಮುಟ್ಟಿದಾಗ ದಾರ ಸರಿಯುತ್ತದೆ. ಹೆಸರುಗಳನ್ನು ಬ್ರೈಲಿನಲ್ಲಿ ಹುಡುಗಿಯೇ ಸ್ಲೇಟಿನಲ್ಲಿ ಚುಚ್ಚಿ ಕೊಟ್ಟಳು.

ಪಾಠ ಶುರುವಾದ ಮೇಲೆ ಬದಲಾಗಬೇಕಾದದ್ದು ಹೇಳುವ ರೀತಿ. ಬೋರ್ಡಿನ ಕಡೆ ತಿರುಗಿ "ಇದು ಇಲ್ಲಿಂದ ಇಲ್ಲಿಗೆ ಬಂತು ನೋಡಿ" ಎಂದರೆ ಕಣ್ಣು ಕಾಣದವಳಿಗೆ "ಇಲ್ಲಿ" ಎಲ್ಲಿ ಎಂದು ತಿಳಿಯದು, ಕಿವಿ ಕೇಳದವಳಿಗೆ ತುಟಿ ಕಾಣದು. ಬರೆದು ಮುಗಿಸಿ, ತರಗತಿಯ ಕಡೆ ತಿರುಗಿ, "ಬೆಲೆ 5ರಿಂದ 7ಕ್ಕೆ ಏರಿದಾಗ ಪ್ರಮಾಣ 10ರಿಂದ 6ಕ್ಕೆ ಇಳಿಯಿತು" ಎಂದು ಅಂಕಿ ಸಮೇತ ಹೇಳಿದರೆ ಇಬ್ಬರಿಗೂ ಆಯಿತು.

ಸಂಜ್ಞಾಭಾಷೆಯ ದುಭಾಷಿ ನಮಗೆ ಸಿಕ್ಕಿದ್ದು ವಾರಕ್ಕೆ ಎರಡು ದಿನ ಮಾತ್ರ, ಅದೂ ಐದನೇ ವಾರದಿಂದ. ದೆಹಲಿಯ ಭಾರತೀಯ ಸಂಜ್ಞಾಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 10,000 ಪದಗಳ ನಿಘಂಟು ಮಾಡಿದೆ. ಆದರೂ "ಸ್ಥಿತಿಸ್ಥಾಪಕತ್ವ", "ಸೀಮಾಂತ ತುಷ್ಟಿಗುಣ"ದಂಥ ಪದಗಳಿಗೆ ದುಭಾಷಿ ಮತ್ತು ವಿದ್ಯಾರ್ಥಿನಿ ಕೂತು ಮೊದಲೇ ಸಂಜ್ಞೆ ಒಪ್ಪಿಕೊಳ್ಳಬೇಕು. ಆ ದಿನದ ಹತ್ತು ಹನ್ನೆರಡು ಪದಗಳ ಪಟ್ಟಿಯನ್ನು ಹಿಂದಿನ ಸಂಜೆಯೇ ಕಳಿಸುತ್ತಿದ್ದೆವು. ದುಭಾಷಿ ಒಬ್ಬರೇ ಇದ್ದರೆ ಅರ್ಧ ಗಂಟೆಗೊಮ್ಮೆ ಐದು ನಿಮಿಷ ಬಿಡುವು ಕೊಡಿ. ಅವರ ಕೈ ಮಾತ್ರವಲ್ಲ, ತಲೆಯೂ ದಣಿಯುತ್ತದೆ. ಉಳಿದ ದಿನಗಳಿಗೆ ಪಾಠದ ವಿಡಿಯೊ ಮಾಡಿ ಕನ್ನಡ ಸಬ್‌ಟೈಟಲ್ ಕೂರಿಸಿದೆವು, ಒಮ್ಮೆಗೆ ಎರಡೇ ಸಾಲು. ಹತ್ತು ನಿಮಿಷದ ವಿಡಿಯೊಗೆ ಒಂದೂವರೆ ಗಂಟೆ ಹಿಡಿಯಿತು. ಪಾಠವನ್ನು ಮೊದಲು ಬರೆದುಕೊಂಡು ಆಮೇಲೆ ಹೇಳಿದ ವಿಡಿಯೊಗಳಿಗೆ ಅದರ ಅರ್ಧ ಸಾಕಾಯಿತು.

ಯಾರೂ ಯೋಚಿಸದ ಒಂದು ಜಾಗ ವಾಟ್ಸಾಪ್ ಗುಂಪು. ಕಾಲೇಜಿನ ಪ್ರತಿ ಸೂಚನೆಯೂ ಸೀಲು, ಸಹಿ ಇರುವ ಹಾಳೆಯ ಫೋಟೊ ಆಗಿ ಬರುತ್ತದೆ. ಟಾಕ್‌ಬ್ಯಾಕ್ ಅದನ್ನು "ಫೋಟೊ" ಎಂದಷ್ಟೇ ಓದುತ್ತದೆ. ಆಂತರಿಕ ಪರೀಕ್ಷೆಯ ದಿನಾಂಕ ಬದಲಾದದ್ದು ಹೀಗೇ ಆ ಹುಡುಗಿಗೆ ಗೊತ್ತಾಗಲೇ ಇಲ್ಲ. ಅಂದಿನಿಂದ ಫೋಟೊದ ಕೆಳಗೆ ಎರಡು ಸಾಲು ಟೈಪ್ ಮಾಡುವುದನ್ನು ಗುಂಪಿನಲ್ಲಿ ಕಡ್ಡಾಯ ಮಾಡಿದೆವು.

ಪರೀಕ್ಷೆಗೆ ಕೇಂದ್ರ ಮಾರ್ಗಸೂಚಿಯ ಪ್ರತಿಯನ್ನು ಕೈಯಲ್ಲಿಟ್ಟುಕೊಂಡೇ ಪರೀಕ್ಷಾ ವಿಭಾಗಕ್ಕೆ ಹೋಗಿ. ನಾವು ಒಯ್ದದ್ದು 2018ರ ಆಗಸ್ಟಿನದು, 2025ರಲ್ಲಿ ಹೊಸದು ಬಂದಿದೆ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ. ಎರಡೂವರೆ ಗಂಟೆಯ ಪರೀಕ್ಷೆಗೆ 50 ನಿಮಿಷ, 45 ನಿಮಿಷದ ಆಂತರಿಕ ಪರೀಕ್ಷೆಗೆ 15 ನಿಮಿಷ. ಆಂತರಿಕ ಪರೀಕ್ಷೆಗೂ ಇದು ಬೇಕು ಎಂಬುದನ್ನೇ ಮರೆತುಬಿಡುತ್ತಾರೆ. 2018ರ ಮಾರ್ಗಸೂಚಿಯಂತೆ ಸ್ಕ್ರೈಬನ್ನು ವಿದ್ಯಾರ್ಥಿಯೇ ಕರೆತಂದರೆ ಅವರ ಓದು ವಿದ್ಯಾರ್ಥಿಯ ಓದಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕಿತ್ತು. ಪರೀಕ್ಷೆಗೆ ಎರಡು ದಿನ ಮುಂಚೆ ಸ್ಕ್ರೈಬನ್ನು ಭೇಟಿಯಾಗಲು ಬಿಡಬೇಕು. ಈ ಭೇಟಿಯನ್ನು ಪರಿಚಯಕ್ಕಷ್ಟೇ ಬಿಡದೆ ಅಭ್ಯಾಸಕ್ಕೆ ಬಳಸಿ. ಕಣ್ಣು ಕಾಣದವಳು ಹೇಳುತ್ತಾ ಹೋದಳು, ಪಿಯುಸಿ ಓದುವ ಸ್ಕ್ರೈಬ್ ಹುಡುಗಿ ಎಳೆಯುತ್ತಾ ಹೋದಳು: ಅಕ್ಷ, ಶುರು, ಕೊನೆ, ಕೂಡುವ ಜಾಗ. ಟಿಪ್ಪಣಿಯ ವಿವರಣೆಯೇ ಚಿತ್ರ ಎಳೆಸುವ ಮಾತಾಯಿತು. ಮೂರನೇ ಯತ್ನಕ್ಕೆ ಎರಡೂ ರೇಖೆಗಳು 5 ರೂಪಾಯಿ, 10 ಕಿಲೋದಲ್ಲೇ ಕೂಡಿದವು.

ಅದೇ ಮಾರ್ಗಸೂಚಿಯಲ್ಲಿ, ನೋಡಿ ಉತ್ತರಿಸಬೇಕಾದ ಪ್ರಶ್ನೆಗಳಿಗೆ ದೃಷ್ಟಿಹೀನರಿಗೆ ಪರ್ಯಾಯ ಪ್ರಶ್ನೆ ಕೊಡಬೇಕು ಎಂದೂ ಇದೆ. ನಾವು ಪತ್ರ ಕೊಟ್ಟದ್ದು ಪರೀಕ್ಷೆಗೆ ಐದು ವಾರ ಮುಂಚೆ. ಅಷ್ಟರಲ್ಲಿ ಪ್ರಶ್ನೆಪತ್ರಿಕೆ ಸಿದ್ಧವಾಗಿ ಲಕೋಟೆ ಸೇರಿತ್ತು, ಈ ಸಲ ಬದಲಿಸಲಾಗದು ಎಂಬ ಉತ್ತರ ಬಂತು. 10 ಅಂಕದ ರೇಖಾಚಿತ್ರದ ಪ್ರಶ್ನೆ ಹಾಗೇ ಬಂತು, ಅವಳು ಹೇಳಿ ಎಳೆಸಿ ಬರೆಸಿದಳು. ಪತ್ರ ಹೋಗಬೇಕಾದದ್ದು ಪ್ರಶ್ನೆಪತ್ರಿಕೆ ತಯಾರಕರ ನೇಮಕಕ್ಕೂ ಮುಂಚೆ, ಅಂದರೆ ಸೆಮಿಸ್ಟರ್ ಶುರುವಾದ ವಾರ. ಮಾರ್ಗಸೂಚಿಯ ಪ್ರತಿ, ಪ್ರಮಾಣಪತ್ರದ ನಕಲು, ಪತ್ರಿಕೆಯ ಕೋಡು, ಯಾವ ಯಾವ ಬಗೆಯ ಪ್ರಶ್ನೆಗೆ ಪರ್ಯಾಯ ಬೇಕು ಎಂಬ ಪಟ್ಟಿ ಜೊತೆಗಿರಲಿ. ಮೂರನೇ ಸೆಮಿಸ್ಟರಿನ ಪತ್ರವನ್ನು ಪ್ರಾಂಶುಪಾಲರ ಸಹಿಯೊಂದಿಗೆ ನಿನ್ನೆಯೇ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಂದಿದ್ದೇವೆ.